ಚಂದ್ರಕಾಂತೆಯ ಕಲ್ಲಿನ ಕೊಕ್ಕರೆ

ತೊಂಬತ್ತರ ದಶಕದ ನಡುವಿನಲ್ಲಿ ನನ್ನ ಬಳಿ ಓದಿದವರಿಗೆ ಸೋಮವಾರದ ಮೊದಲ ಪೀರಿಯಡ್ಡು ನೆನಪಿರಬಹುದು. ನಾನು ಹಾಜರಿ ಪುಸ್ತಕ ತೆರೆಯುವ ಮೊದಲೇ ತರಗತಿ ಎರಡು ಪಕ್ಷವಾಗಿರುತ್ತಿತ್ತು. ಹಿಂದಿನ ದಿನ ಬೆಳಿಗ್ಗೆ ದೂರದರ್ಶನದಲ್ಲಿ ‘ಚಂದ್ರಕಾಂತಾ’ ಧಾರಾವಾಹಿ ಬಂದುಹೋಗಿರುತ್ತಿತ್ತು. ಸತ್ತವನು ನಿಜವಾಗಿ ಸತ್ತನೇ, ವೇಷದಲ್ಲಿದ್ದವನು ಯಾರು, ವಿಷಕನ್ಯೆಯನ್ನು ಮುಟ್ಟಿದವನು ಉಳಿಯುತ್ತಾನೆಯೇ ಎಂಬ ಪ್ರಶ್ನೆಗಳು ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದವು. ಹಿಂದಿನ ಸಾಲಿನ ಹುಡುಗರು ಹುಬ್ಬೇರಿಸಿ ಕ್ರೂರಸಿಂಹನ ‘ಯಕ್ಕು’ ಎಂಬ ಉದ್ಗಾರವನ್ನು ಅನುಕರಿಸುತ್ತಿದ್ದರು. ಆ ಪಾತ್ರ ಮಾಡಿದ ಅಖಿಲೇಂದ್ರ ಮಿಶ್ರಾ ಅವರ ಹೆಸರು ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಕ್ಕು ಮಾತ್ರ ದನ ಕಾಯುವವರಿಗೂ ಗೊತ್ತಿತ್ತು.

ಈ ವಾದಗಳಿಗೆ ಒಂದು ಸ್ಥಳೀಯ ಕಾರಣವೂ ಇತ್ತು. ಧಾರಾವಾಹಿ ಹಿಂದಿಯಲ್ಲಿತ್ತು, ನಮ್ಮ ಮಕ್ಕಳ ಹಿಂದಿಯೋ ತೃತೀಯ ಭಾಷೆಯ ಪಾಠಪುಸ್ತಕದ ಗಡಿ ದಾಟಿರಲಿಲ್ಲ. ಸಂಭಾಷಣೆಯಲ್ಲಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಅವರೇ ತುಂಬಿಕೊಳ್ಳುತ್ತಿದ್ದರು. ನಡುವೆ ಕರೆಂಟು ಹೋದರೆ, ಗಾಳಿಗೆ ಆಂಟೆನಾ ತಿರುಗಿದರೆ, ಆ ಹತ್ತು ನಿಮಿಷದ ಕಥೆಯೂ ಅವರದೇ. ಹೀಗೆ ಒಂದೇ ಕಂತಿಗೆ ನಮ್ಮ ಶಾಲೆಯಲ್ಲಿ ನಾಲ್ಕಾರು ಪಾಠಾಂತರಗಳು ಹುಟ್ಟುತ್ತಿದ್ದವು. ಇರ್ಫಾನ್ ಖಾನ್ ಅದರಲ್ಲಿ ಬದ್ರಿನಾಥ, ಸೋಮನಾಥ ಎಂಬ ಅವಳಿಗಳಾಗಿ ಎರಡು ಪಾತ್ರ ಮಾಡಿದ್ದರು. ಒಂದೇ ಮುಖದ ಇಬ್ಬರು, ಸಾಲದ್ದಕ್ಕೆ ಇಬ್ಬರೂ ವೇಷ ಬದಲಿಸಬಲ್ಲವರು ಎಂದ ಮೇಲೆ ವಾದ ಮುಗಿಯುವುದಾದರೂ ಹೇಗೆ?

ಒಂದು ಸೋಮವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಈ ಕಥೆಯ ಪುಸ್ತಕದಲ್ಲಿ ಮಾಯ ಮಂತ್ರ ಏನೂ ಇಲ್ಲವಂತೆ. ಎಲ್ಲ ಯಂತ್ರವಂತೆ. ನಮ್ಮ ಅಜ್ಜ ಹೇಳಿದರು” ಎಂದಳು. ಆಕೆಯ ಅಜ್ಜ ಸೈನ್ಯದಲ್ಲಿದ್ದು ನಿವೃತ್ತರಾದವರು, ಉತ್ತರ ಭಾರತದ ಬ್ಯಾರಕ್ಕುಗಳಲ್ಲಿ ಹಿಂದಿ ಕಲಿತವರು. ತರಗತಿ ಗೊಳ್ಳೆಂದು ನಕ್ಕಿತು. ಮಕ್ಕಳು ನಕ್ಕದ್ದು ಸಹಜ. ನಾನೂ ನಕ್ಕೆ. ಅಷ್ಟು ಸಾಲದೆಂಬಂತೆ, ಮಾಟಮಂತ್ರದ ಕಥೆಯಲ್ಲಿ ಯಂತ್ರ ಹುಡುಕುವ ಬದಲು ಇತಿಹಾಸದ ಪುಸ್ತಕ ತೆಗೆದು ಓದು ಎಂದು ಗದರಿದೆ. ನಾನು ಆ ಕಾದಂಬರಿಯ ಒಂದು ಪುಟವನ್ನೂ ಓದಿರಲಿಲ್ಲ. ಓದದ ಪುಸ್ತಕದ ಬಗ್ಗೆ ತೀರ್ಪು ಕೊಟ್ಟ ಮೇಷ್ಟ್ರಿಗೆ ಎದುರಾಡದೆ ಆ ಹುಡುಗಿ ಕುಳಿತಳು.

ನಿವೃತ್ತಿಯ ಬಳಿಕ ಹಳೆಯ ಹಿಂದಿಯನ್ನು ತಿಕ್ಕಿ ತೊಳೆದು ಆ ಕಾದಂಬರಿಯನ್ನು ಓದಿದೆ. ಆಗ ತಿಳಿದದ್ದನ್ನು ಇತಿಹಾಸದ ಮೇಷ್ಟ್ರಾಗಿ ಇಲ್ಲಿ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ದೇವಕಿನಂದನ ಖತ್ರಿ (1861–1913) ಕಾಶಿಯವರೆಂದೇ ಪ್ರಸಿದ್ಧರು. ಚಕಿಯಾ ಹಾಗೂ ನೌಗಢದ ಕಾಡುಗಳ ಗುತ್ತಿಗೆ ಹಿಡಿದಿದ್ದ ಅವರು ಅಲ್ಲಿನ ಬೆಟ್ಟ, ಗುಹೆ, ಪಾಳುಬಿದ್ದ ಕೋಟೆಗಳ ನಡುವೆ ಅಲೆದಾಡಿದವರು. 1888ರಲ್ಲಿ ‘ಚಂದ್ರಕಾಂತಾ’ ಬಂದಿತು. ನೌಗಢದ ರಾಜಕುಮಾರ ವೀರೇಂದ್ರಸಿಂಹ, ವಿಜಯಗಢದ ರಾಜಕುಮಾರಿ ಚಂದ್ರಕಾಂತೆ, ಅವಳನ್ನು ಬಯಸುವ ಮಂತ್ರಿಪುತ್ರ ಕ್ರೂರಸಿಂಹ, ಅವನಿಗೆ ಬೆಂಬಲವಾಗಿ ನಿಲ್ಲುವ ಚುನಾರದ ಶಿವದತ್ತ ಎಂಬಷ್ಟು ಮಾತ್ರ ಧಾರಾವಾಹಿಗೂ ಪುಸ್ತಕಕ್ಕೂ ಸಮಾನ ಎಂದರೆ ಹೆಚ್ಚು ತಪ್ಪಾಗದು. ನಾಲ್ಕು ಭಾಗಗಳ ಈ ಕಥೆಯ ನಂತರ ‘ಚಂದ್ರಕಾಂತಾ ಸಂತತಿ’ ಇಪ್ಪತ್ತನಾಲ್ಕು ಭಾಗಗಳಲ್ಲಿ ಹರಿಯಿತು. 1898ರಲ್ಲಿ ಅವರು ಕಾಶಿಯಲ್ಲಿ ಲಹರಿ ಪ್ರೆಸ್ ಎಂಬ ಸ್ವಂತ ಮುದ್ರಣಾಲಯವನ್ನೇ ತೆರೆದರು. ಇದನ್ನು ಓದುವ ಸಲುವಾಗಿಯೇ ಅನೇಕರು ನಾಗರಿ ಲಿಪಿ ಕಲಿತರೆಂದು ಹಿಂದಿ ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ನ್ಯಾಯಾಲಯಗಳಲ್ಲಿ ನಾಗರಿ ಲಿಪಿಗೆ ಆ ಪ್ರಾಂತದ ಸರ್ಕಾರ ಅವಕಾಶ ಕೊಟ್ಟದ್ದು 1900ರಲ್ಲಿ. ಜನ ಅದಕ್ಕೂ ಮೊದಲೇ ಕಥೆಯ ಆಸೆಗೆ ಅಕ್ಷರ ತಿದ್ದುತ್ತಿದ್ದರು. ನಮ್ಮಲ್ಲಿ ಬಿ. ವೆಂಕಟಾಚಾರ್ಯರೂ ಗಳಗನಾಥರೂ ಕನ್ನಡಕ್ಕೆ ಓದುಗರನ್ನು ದುಡಿದು ತಂದುದನ್ನು ನೆನೆದರೆ ಇದರ ಬೆಲೆ ತಿಳಿದೀತು.

ಖತ್ರಿಯವರ ಹಿಂದೆ ಇದ್ದುದು ಉರ್ದು ದಾಸ್ತಾನ್‌ಗಳ ಪರಂಪರೆ. ಲಖನೌದ ನವಲ ಕಿಶೋರ ಮುದ್ರಣಾಲಯ 1883ರಿಂದ ‘ತಿಲಿಸ್ಮೆ ಹೋಶ್‌ರುಬಾ’ದ ದಪ್ಪ ದಪ್ಪ ಸಂಪುಟಗಳನ್ನು ಹೊರತರುತ್ತಿತ್ತು. ಅದರಲ್ಲಿ ಐಯಾರರು, ಎಂದರೆ ವೇಷ ಮರೆಸುವ ಚತುರ ಗೂಢಚಾರರು, ಇದ್ದಾರೆ. ತಿಲಿಸ್ಮ್ ಎಂಬ ಮಾಯಾಲೋಕವೂ ಇದೆ. ಅಲ್ಲಿನ ಮಾಂತ್ರಿಕರು ನಿಜವಾದ ಮಾಂತ್ರಿಕರು; ಮಂತ್ರ ಹಾಕಿದರೆ ಪರ್ವತವೂ ಮಾಯ. ಖತ್ರಿ ಐಯಾರನನ್ನೂ ತಿಲಿಸ್ಮನ್ನೂ ಅಲ್ಲಿಂದ ತಂದರು, ಮಾಂತ್ರಿಕನನ್ನು ಮಾತ್ರ ಹೊಸಿಲಿನಾಚೆ ನಿಲ್ಲಿಸಿದರು.

ಅವರ ತಿಲಿಸ್ಮ್ ಎಂದರೆ ಹಿಂದಿನ ಅರಸರು ತಮ್ಮ ನಿಧಿಯನ್ನು ಅಡಗಿಸಲು ಕುಶಲಿಗಳಿಂದ ಕಟ್ಟಿಸಿದ ಕಟ್ಟಡ. ಪಾಳು ಅರಮನೆಯಲ್ಲೊಂದು ಕಲ್ಲಿನ ಕೊಕ್ಕರೆ ಇದೆ. ಹತ್ತಿರ ಹೋದವರನ್ನು ಬಾಯಿ ತೆರೆದು ನುಂಗಿಬಿಡುತ್ತದೆ. ಓದುವವನ ಎದೆ ಝಲ್ಲೆನ್ನುತ್ತದೆ. ಆದರೆ ನೂರಾರು ಪುಟಗಳ ನಂತರ, ಯಾರೂ ಕೇಳದಿದ್ದರೂ ಎಂಬಂತೆ, ಖತ್ರಿ ಆ ಕೊಕ್ಕರೆಯ ಒಳಗಿನ ಕೀಲುಗಳನ್ನೂ ಮದ್ದುಗಳನ್ನೂ ಬಿಚ್ಚಿಡುತ್ತಾರೆ. ಪವಾಡಪುರುಷನಂತೆ ಸುಳಿಯುವ ಯೋಗಿಯೊಬ್ಬನಿದ್ದಾನೆ. ಅವನೂ ಕೊನೆಗೆ ವೇಷ ಕಳಚಿದ ಮನುಷ್ಯನೇ. ಮುಂದೆ ‘ಸಂತತಿ’ಯಲ್ಲಿ ಮುಟ್ಟಿದವರನ್ನು ಕೆಡವುವ ಒಂದು ಕಠಾರಿ ಬರುತ್ತದೆ, ಅದರ ಗುಟ್ಟು ವಿದ್ಯುತ್ತು. ಐಯಾರನ ಚೀಲದಲ್ಲಿರುವುದು ಮೂರ್ಛೆ ಬರಿಸುವ ಮೂಲಿಕೆ, ಮೂರ್ಛೆ ತಿಳಿಯಿಸಲು ಮೂಸಿಸುವ ಮದ್ದು, ಬಣ್ಣ, ಹಗ್ಗ, ಕನ್ನಡಿ. ಎದುರಿಗಿರುವವನು ಮಿತ್ರನೋ ವೇಷಧಾರಿಯೋ ಎಂಬ ಅನುಮಾನ ಬಂದರೆ ಮಂತ್ರ ಹಾಕುವುದಿಲ್ಲ, ನೀರಿನಿಂದ ಮುಖ ತೊಳೆಸುತ್ತಾರೆ. ಇಲ್ಲವೆ ತಮ್ಮೊಳಗಿನ ಸಂಕೇತದ ಮಾತು ಕೇಳುತ್ತಾರೆ. (ನಮ್ಮ ಎಂಟನೆಯ ತರಗತಿಯವರೂ ಅಂಥದೊಂದು ಸಂಕೇತಭಾಷೆ ಮಾಡಿಕೊಂಡಿದ್ದರು. ಕಿರುಪರೀಕ್ಷೆಯ ದಿನ ಅದರ ಉಪಯೋಗ ನನಗೆ ಅರಿವಾಯಿತು.)

ಹುಡುಗಿಯ ಅಜ್ಜ ಹೇಳಿದ್ದು ಅಕ್ಷರಶಃ ಸರಿ.

ಸೋಜಿಗವೆಂದರೆ, ಇಷ್ಟು ವಿವರಿಸಿದರೂ ಖತ್ರಿಯವರ ಕಾಲದಲ್ಲಿಯೇ ಅವರ ಕಥೆ ಸಂಭವವೋ ಅಸಂಭವವೋ ಎಂಬ ವಾಗ್ವಾದ ಹಿಂದಿ ಪತ್ರಿಕೆಗಳಲ್ಲಿ ನಡೆಯಿತು. ಇದು ಬುಡವಿಲ್ಲದ ಹರಟೆ ಎಂದರು ಕೆಲವು ವಿದ್ವಾಂಸರು. ನಿನ್ನೆ ಅಸಂಭವವೆಂದು ನಕ್ಕದ್ದು ಇಂದು ಕಣ್ಣೆದುರಿಗೆ ನಡೆಯುತ್ತಿಲ್ಲವೇ ಎಂಬ ಧಾಟಿಯಲ್ಲಿ ಖತ್ರಿ ‘ಸಂತತಿ’ಯ ಕೊನೆಯಲ್ಲಿ ಉತ್ತರ ಕೊಟ್ಟರು. ಅದೇ ಉಸಿರಿನಲ್ಲಿ, ತಾವು ಬರೆದದ್ದು ಕುತೂಹಲಕ್ಕಾಗಿಯೇ ಹೊರತು ಸತ್ಯಪರೀಕ್ಷೆಗಲ್ಲ ಎಂದೂ ಒಪ್ಪಿಕೊಂಡರು. ಹಾಗಾದರೆ ನಮ್ಮ ಸೋಮವಾರದ ಜಗಳ ಅಂದಿಗೆ ಸುಮಾರು ನೂರು ವರ್ಷ ಹಳೆಯದು! ಕಾಶಿಯ ಪಂಡಿತರು ಕಚ್ಚಾಡಿದ ವಿಷಯವನ್ನೇ ನಮ್ಮ ಮಕ್ಕಳು, ಅದರ ಸುಳಿವೂ ಇಲ್ಲದೆ, ಮತ್ತೆ ಕೈಗೆತ್ತಿಕೊಂಡಿದ್ದರು. ಅವರಿಗೆ ಇತಿಹಾಸ ಓದಿ ಎಂದು ಗದರಿದ ನಾನು ಆ ಇತಿಹಾಸವನ್ನು ಅರಿಯದವನಾಗಿದ್ದೆ.

1994ರಲ್ಲಿ ನೀರಜಾ ಗುಲೇರಿ ಅವರು ಧಾರಾವಾಹಿ ಮಾಡಿದಾಗ ಖತ್ರಿ ಹೊರಗೆ ನಿಲ್ಲಿಸಿದ್ದ ಮಾಂತ್ರಿಕ ಹಿಂಬಾಗಿಲಿನಿಂದ ಒಳಗೆ ಬಂದ. ಶಾಹಬಾಜ್ ಖಾನರ ವೀರೇಂದ್ರನೂ ಶಿಖಾ ಸ್ವರೂಪರ ಚಂದ್ರಕಾಂತೆಯೂ ಒಂದು ಮಾಯಾಲೋಕದ ನಡುವೆ ಸಿಕ್ಕಿಕೊಂಡರು. ಪಂಕಜ್ ಧೀರ್ ಮಾಡಿದ ಶಿವದತ್ತನಂತೂ ವಿಷಕನ್ಯೆಯರನ್ನು ಸಾಕಿಕೊಂಡ. ಇದಕ್ಕಾಗಿ ಆಕೆಯನ್ನು ಬಯ್ಯಲು ನನಗೆ ಮನಸ್ಸಿಲ್ಲ. ವಾರ ವಾರ ವರ್ಷಗಟ್ಟಲೆ ನಡೆಯಬೇಕಾದ ಆಟಕ್ಕೆ ನಾಲ್ಕು ಭಾಗಗಳ ಕಥೆ ಎಲ್ಲಿ ಸಾಲುತ್ತದೆ? ಕೊಕ್ಕರೆ ನುಂಗುವುದನ್ನು ತೆರೆಯ ಮೇಲೆ ತೋರಿಸಬಹುದು; ಅದರ ಕೀಲಿನ ವಿವರಣೆಯನ್ನು ಭಾನುವಾರ ಬೆಳಿಗ್ಗೆ ತಿಂಡಿಯ ತಟ್ಟೆ ಹಿಡಿದು ಕೂತವರ ಮುಂದೆ ಓದಲಾಗದು. ಆದರೂ ನಷ್ಟವೊಂದಾಯಿತು ಎಂದೇ ನನ್ನ ಅಭಿಪ್ರಾಯ. ಪುಸ್ತಕ ಓದಿದವನು ಕೊಕ್ಕರೆಯ ಮುಂದೆ ‘ಇದು ಹೇಗೆ ಕೆಲಸ ಮಾಡುತ್ತದೆ?’ ಎಂದು ಕೇಳುತ್ತಾನೆ. ಧಾರಾವಾಹಿ ನೋಡಿದವನು ‘ಇದರ ಶಕ್ತಿ ಹೆಚ್ಚೋ ಅದರ ಶಕ್ತಿ ಹೆಚ್ಚೋ?’ ಎಂದು ಕೇಳುತ್ತಾನೆ. ನಮ್ಮ ತರಗತಿಯ ನಲವತ್ತು ಮಕ್ಕಳಲ್ಲಿ ಮೊದಲನೆಯ ಪ್ರಶ್ನೆಯನ್ನು ಹಿಡಿದು ಎದ್ದು ನಿಂತವಳು ಒಬ್ಬಳೇ. ಅವಳನ್ನು ಕೂರಿಸಿದವನು ನಾನು.

1996ರಲ್ಲಿ ಧಾರಾವಾಹಿ ನಿಂತಿತು. ಕೆಲವು ಸೋಮವಾರ ತರಗತಿ ಮಂಕಾಗಿತ್ತು, ಆಮೇಲೆ ಕ್ರಿಕೆಟ್ಟು ಆ ಜಾಗವನ್ನು ತುಂಬಿತು.

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಗಳಿಂದ ಆಕೆಯ ದೂರವಾಣಿ ಸಂಖ್ಯೆ ಪಡೆದು ಕರೆ ಮಾಡಿದೆ. ಗದರಿದ್ದನ್ನು ನೆನಪಿಸಿ, “ನಿಮ್ಮ ಅಜ್ಜ ಹೇಳಿದ್ದೇ ಸರಿಯಮ್ಮ, ತಪ್ಪು ನನ್ನದು” ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಚೆನ್ನಾಗಿ ನೆನಪಿದೆ ಸರ್” ಎಂದಳು. ಆ ಮಾತು ನನಗೆ ತಾಗಿತು, ತಾಗಬೇಕಾದದ್ದೇ. ಆಮೇಲೆ ತಾನೇ ಹೇಳಿದಳು: ಅಜ್ಜ ರಾತ್ರಿ ಊಟವಾದ ಮೇಲೆ ಹಿಂದಿಯಲ್ಲಿ ಒಂದೊಂದು ಪುಟ ಓದಿ ಕನ್ನಡದಲ್ಲಿ ಕಥೆ ಹೇಳುತ್ತಿದ್ದರಂತೆ. ಮೂರನೆಯ ಭಾಗದ ನಡುವೆ ಅವರು ಕಾಯಿಲೆ ಬಿದ್ದರು, ಕಥೆ ಮುಂದುವರಿಯಲಿಲ್ಲ. ವೀರೇಂದ್ರನ ದಾರಿಗೆ ಅಡ್ಡ ಬರುವ ವನಕನ್ಯೆ ಎಂಬವಳು ಯಾರೆಂದು ಆಕೆಗೆ ಇಂದಿಗೂ ಗೊತ್ತಿಲ್ಲ.

ಹೇಳಲು ಬಾಯಿ ತೆರೆದೆ. “ಬೇಡಿ ಸರ್, ಪುಸ್ತಕ ಕಳಿಸಿ. ಓದುತ್ತೇನೆ” ಎಂದಳು. ಮರುದಿನವೇ ಅಂಚೆಯಲ್ಲಿ ನನ್ನ ಪ್ರತಿಯನ್ನು ಕಳಿಸಿದೆ. ಈ ಬರಹವನ್ನು ಆಕೆಯೂ ಓದುವಳಾದ್ದರಿಂದ ವನಕನ್ಯೆಯ ಗುಟ್ಟನ್ನೂ ಯೋಗಿಯ ಹೆಸರನ್ನೂ ಇಲ್ಲಿ ಬರೆದಿಲ್ಲ.