ಫೈಲಿನ ಹೆಸರು ಮತ್ತು ವೆಬ್ಬಿನ ಲಿಪಿ: ಕಂಟೆಂಟ್-ಡಿಸ್ಪೊಸಿಶನ್ ಹೆಡರಿನ ಇತಿಹಾಸ

ಒಂದು ಕೊಂಡಿ ಒತ್ತಿದರೆ ಪಿಡಿಎಫ್ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ, ಇನ್ನೊಂದನ್ನು ಒತ್ತಿದರೆ ಡೌನ್‌ಲೋಡ್ ಆಗುತ್ತದೆ. ಬಹುಮಟ್ಟಿಗೆ ಇದನ್ನು ನಿರ್ಧರಿಸುವುದು ಸರ್ವರಿನ ಉತ್ತರದಲ್ಲಿರುವ ‘ಕಂಟೆಂಟ್-ಡಿಸ್ಪೊಸಿಶನ್’ ಹೆಡರ್. ‘ಇನ್‌ಲೈನ್’ ಎಂದಿದ್ದರೆ ಇಲ್ಲೇ ತೋರಿಸು ಎಂದರ್ಥ, ‘ಅಟ್ಯಾಚ್‌ಮೆಂಟ್’ ಎಂದಿದ್ದರೆ ಉಳಿಸಿಕೊ ಎಂದು. ಉಳಿಸುವ ಹೆಸರನ್ನು ‘ಫೈಲ್‌ನೇಮ್’ ಸೂಚಿಸುತ್ತದೆ. ಈ ಹೆಡರಿನ ದಾಖಲೆಗಳನ್ನು ಸಾಲಾಗಿ ಓದಿದಾಗ ನನಗೆ ಮುಖ್ಯವಾಗಿ ಕಂಡದ್ದು ಆ ಹೆಸರಿನ ಪ್ರಶ್ನೆ: ಅದನ್ನು ಯಾವ ಲಿಪಿಯಲ್ಲಿ ಬರೆಯಬಹುದು?

ಹೆಡರ್ ಹುಟ್ಟಿದ್ದು ವೆಬ್ಬಿಗಾಗಿ ಅಲ್ಲ, ಇಮೇಲಿಗಾಗಿ. 1995ರ ಜೂನ್‌ನಲ್ಲಿ ರೆನ್ಸ್ ಟ್ರೂಸ್ಟ್ ಮತ್ತು ಯೂಡೋರಾ ಮೇಲ್ ತಂತ್ರಾಂಶದ ಕರ್ತೃ ಸ್ಟೀವ್ ಡಾರ್ನರ್ ಬರೆದ ಆರ್‌ಎಫ್‌ಸಿ 1806 (ಅಂತರ್ಜಾಲದ ತಾಂತ್ರಿಕ ದಾಖಲೆಗಳ ಸರಣಿಯಲ್ಲೊಂದು) ಅದರ ಮೊದಲ ದಾಖಲೆ. 1997ರಲ್ಲಿ ಆರ್‌ಎಫ್‌ಸಿ 2183 ಅದನ್ನು ಪರಿಷ್ಕರಿಸಿತು. ಕಳಿಸಿದವರು ಕೊಟ್ಟ ಹೆಸರು ಸಲಹೆ ಮಾತ್ರ, ಅದರಲ್ಲಿ ಡೈರೆಕ್ಟರಿಯ ದಾರಿ ಇದ್ದರೆ ಕಡೆಗಣಿಸಬೇಕು ಎಂಬ ಎಚ್ಚರಿಕೆ ಇಮೇಲ್ ಕಾಲದಲ್ಲೇ ಬಂದದ್ದು. ಹೆಸರಿಗೆ ಯುಎಸ್-ಆಸ್ಕಿ ಅಕ್ಷರಗಳಷ್ಟೇ ಸಲ್ಲುತ್ತವೆ ಎಂದು ಒಪ್ಪಿಕೊಂಡ ಲೇಖಕರು, ಬೇರೆ ಲಿಪಿಗಳ ಅಗತ್ಯ ದೊಡ್ಡದೆಂದು ಹೇಳಿ, ಪರಿಹಾರವನ್ನು ಮುಂದಿನವರಿಗೆ ಬಿಟ್ಟರು. ಪ್ರಾಮಾಣಿಕವಾದ ಮಾತು ಅದು. ಆದರೆ ವೆಬ್ಬು ಆ ಪರಿಹಾರಕ್ಕೆ ಬಹಳ ಕಾಯಬೇಕಾಯಿತು.

ಬ್ರೌಸರುಗಳು ಈ ಹೆಡರನ್ನು ಎರವಲು ಪಡೆದವು. 1999ರ ಆರ್‌ಎಫ್‌ಸಿ 2616 ಇದನ್ನು ಅನುಬಂಧದಲ್ಲಿಟ್ಟು, ಎಚ್‌ಟಿಟಿಪಿ ಮಾನಕದ ಭಾಗವಲ್ಲದಿದ್ದರೂ ವ್ಯಾಪಕ ಬಳಕೆಯಲ್ಲಿರುವುದರಿಂದ ದಾಖಲಿಸುತ್ತಿದ್ದೇವೆ ಎಂದಿತು. ಮಾನಕವಿಲ್ಲದ ಕಡೆ ಪ್ರತಿ ಬ್ರೌಸರೂ ತನ್ನದೇ ಜಾಡು ಹಿಡಿಯಿತು. ಒಂದು ಶೇಕಡಾ-ಚಿಹ್ನೆಯ ಸಂಕೇತವನ್ನು ಬಿಡಿಸಿ ಓದಿದರೆ, ಇನ್ನೊಂದು ಇಮೇಲಿನ ಹಳೆಯ ಸಂಕೇತವನ್ನು ಒಪ್ಪುತ್ತಿತ್ತು. ಬಂದ ಬೈಟುಗಳನ್ನು ನೋಡಿ ಲಿಪಿಯನ್ನು ಊಹಿಸುವ ಪದ್ಧತಿಯೂ ಇತ್ತು. ಇಂಗ್ಲಿಷ್ ಹೆಸರಿನವರಿಗೆ ಇದಾವುದೂ ತಟ್ಟಲಿಲ್ಲ. ಉಳಿದವರ ಪ್ರೋಗ್ರಾಮರುಗಳು ಕೇಳುತ್ತಿರುವ ಬ್ರೌಸರ್ ಯಾವುದೆಂದು ನೋಡಿ, ಅದಕ್ಕೆ ತಕ್ಕಂತೆ ಬೇರೆ ಬೇರೆ ಹೆಡರ್ ಬರೆಯಬೇಕಾಯಿತು.

ಇಮೇಲಿಗೆ 1997ರಲ್ಲೇ ಆರ್‌ಎಫ್‌ಸಿ 2231 ದಾರಿ ತೋರಿಸಿತ್ತು. ಅದನ್ನು ಎಚ್‌ಟಿಟಿಪಿಗೆ ಒಗ್ಗಿಸಿದವರು ಜೂಲಿಯನ್ ರೆಷ್ಕೆ: 2010ರ ಆರ್‌ಎಫ್‌ಸಿ 5987, ಮತ್ತು 2011ರ ಜೂನ್‌ನ ಆರ್‌ಎಫ್‌ಸಿ 6266. ‘ಫೈಲ್‌ನೇಮ್’ ಪದಕ್ಕೆ ನಕ್ಷತ್ರ ಚಿಹ್ನೆ ಸೇರಿಸಿದ ಹೊಸ ರೂಪದಲ್ಲಿ ಮೊದಲು ಲಿಪಿಸಂಕೇತದ ಹೆಸರು, ಬಳಿಕ ಬೇಕಿದ್ದರೆ ಭಾಷೆಯ ಗುರುತು, ಆಮೇಲೆ ಫೈಲಿನ ಹೆಸರು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು. ಪ್ರತಿ ಬೈಟಿಗೆ ಶೇಕಡಾ ಚಿಹ್ನೆ ಮತ್ತು ಎರಡು ಹದಿನಾರರ ಪದ್ಧತಿಯ ಅಂಕಿ. ‘ಅರ್ಜಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಒಳಗೆ ಐದು ಸಂಕೇತ, 15 ಬೈಟು. ಹೆಡರಿನಲ್ಲಿ 45 ಚಿಹ್ನೆ. ಉದ್ದವಾದರೂ ಹೆಸರು ಕೆಡದೆ ತಲುಪುತ್ತದೆ, ಅದೇ ಮುಖ್ಯ. ಹಳೆಯ ಬ್ರೌಸರುಗಳಿಗಾಗಿ ಸಾದಾ ರೂಪವನ್ನು ಮೊದಲಿಟ್ಟು, ನಕ್ಷತ್ರದ್ದನ್ನು ನಂತರ ಇಡಿ ಎಂಬ ಸಲಹೆಯೂ 6266ರಲ್ಲಿದೆ. ಎರಡೂ ಅರ್ಥವಾಗುವ ಬ್ರೌಸರ್ ಎರಡನೆಯದನ್ನೇ ಆರಿಸಬೇಕು.

ಫಾರಂ ಮೂಲಕ ಫೈಲ್ ಅಪ್‌ಲೋಡ್ ಮಾಡುವಾಗಲೂ ಇದೇ ಹೆಡರ್ ಬಳಕೆಯಾಗುತ್ತದೆ. ಆದರೆ 2015ರ ಆರ್‌ಎಫ್‌ಸಿ 7578 ಅಲ್ಲಿ ನಕ್ಷತ್ರದ ರೂಪವನ್ನು ನಿಷೇಧಿಸಿತು. ಹಾಗಾಗಿ ‘ಅರ್ಜಿ’ ಎಂಬ ಫೈಲು ಸರ್ವರಿಗೆ ಹೋಗುವ ಬರಹದ ಕ್ರಮವೇ ಬೇರೆ, ಅಲ್ಲಿಂದ ಮರಳುವ ಕ್ರಮವೇ ಬೇರೆ; ಅಪ್ಲಿಕೇಶನ್ ಬರೆಯುವವರು ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.