ಗುಜರಿಯಿಂದ ಎದ್ದ ಬಾಂಬರು

ಉಮರ್ಗಾದಲ್ಲಿ ಸೋಲಾಪುರ–ಹೈದರಾಬಾದ್ ಹೆದ್ದಾರಿಗೆ ಹತ್ತಿಕೊಂಡೇ ನನ್ನ ಗ್ಯಾರೇಜು. ಲಾರಿ ಇಂಜಿನ್ ಬಿಚ್ಚಿ ಕಟ್ಟುವುದರಲ್ಲೇ ಮೂವತ್ತೈದು ವರ್ಷ ಹೋಯಿತು. ಗಿರಾಕಿ ಜೊತೆ ಮರಾಠಿ, ಡ್ರೈವರ್ ಜೊತೆ ಹಿಂದಿ, ಮನೆಯೊಳಗೆ ಕನ್ನಡ. ಈ ರಸ್ತೆಯ ಮೇಲೆ ಟ್ಯಾಂಕು ಹೋದದ್ದನ್ನು ಕಣ್ಣಾರೆ ಕಂಡವನು ನಮ್ಮ ಮುತ್ಯಾ.

1948ರ ಸೆಪ್ಟೆಂಬರ್ 13. ಆಗ ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯೊಳಗೆ. ಸುತ್ತಲೆಲ್ಲ ಹೈದರಾಬಾದ್ ನಿಜಾಮನ ಸೀಮೆ. ನಳದುರ್ಗದ ಬೋರಿ ಹೊಳೆಯ ಸೇತುವೆಯನ್ನು ಒಡೆಯಗೊಡದೆ ಹಿಡಿದುಕೊಂಡ ಭಾರತೀಯ ಸೇನೆ, ಒಂಬತ್ತು ಗಂಟೆಗೆ ಜಳಕೋಟ ಮುಟ್ಟಿ, ಮಧ್ಯಾಹ್ನ ಮೂರೂಕಾಲಿಗೆಲ್ಲ ಉಮರ್ಗಾದಲ್ಲಿತ್ತು. ಗಡಿಯಿಂದ 61 ಕಿಲೋಮೀಟರ್ ಒಳಗೆ! ನಿಜಾಮನ ಪರ ಆಯುಧ ಹಿಡಿದಿದ್ದ ರಜಾಕಾರರು ಬಹಳ ಹೊತ್ತು ನಿಲ್ಲಲಿಲ್ಲ. ಮರುದಿನ ರಾಜೇಶ್ವರದ ದಾರಿ. ಅಲ್ಲಿ ಹೊಂಚು ಹಾಕಿ ಕೂತವರು ಇದ್ದಾರೆಂದು ಆಕಾಶದಿಂದ ನೋಡಿ ತಿಳಿದಿತ್ತು. ವಿಮಾನ ಕರೆಸಿ ದಾರಿ ಬಿಡಿಸಿಕೊಂಡರು.

‘ತಲಿ ಮ್ಯಾಲಿಂದ ಹ್ವಾದ್ವು ನೋಡೊ ತಮ್ಮಾ, ಎತ್ತು ಕಣ್ಣಿ ಹರಕೊಂಡು ಓಡಿದ್ವು’ ಅನ್ನುತ್ತಿದ್ದ ಮುತ್ಯಾ. ಅದರ ಬೆನ್ನಿಗೇ, ‘ನಮ್ಮ ಸೋಲಾಪುರದ ಸಾಹುಕಾರ ಬೆಂಗಳೂರಾಗ ಮಾಡ್ಸಿದ ಬಾಂಬರು ಅವು.’

ಅರ್ಧ ಖರೆ, ಅರ್ಧ ಸುಳ್ಳು. ಅವತ್ತು ಬಂದವು ಟೆಂಪೆಸ್ಟ್. ಒಂದೇ ಇಂಜಿನ್ನಿನ, ಇಂಗ್ಲೆಂಡಿನ ಹಾಕರ್ ಕಂಪನಿಯ ಮಾಲು. ಸಾಹುಕಾರನ ಮಾತು ಮಾತ್ರ ಖರೆ. 1882ರಲ್ಲಿ ಸೋಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದ, 1939ರಲ್ಲಿ ಅಮೆರಿಕದಿಂದ ಬರುವ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ವಿಮಾನ ವ್ಯಾಪಾರಿಯನ್ನು ಕಂಡ. ಮೈಸೂರು ದಿವಾನ ಮಿರ್ಜಾ ಇಸ್ಮಾಯಿಲ್ ಜಾಗ ಕೊಟ್ಟರು, ಸಂಸ್ಥಾನ ಪಾಲು ಹಾಕಿತು. 1940ರ ಡಿಸೆಂಬರಿನಲ್ಲಿ ಬೆಂಗಳೂರಲ್ಲಿ ವಿಮಾನದ ಕಾರ್ಖಾನೆ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎದ್ದಿತು. ಯುದ್ಧ ಜೋರಾಯಿತು, 1942ರಲ್ಲಿ ಸರಕಾರ ಅವನ ಪಾಲು ಕೊಂಡುಕೊಂಡಿತು. ಕಟ್ಟಿಸಿದವನ ಕೈಯಲ್ಲಿ ಕಾರ್ಖಾನೆ ಎರಡು ವರ್ಷವೂ ನಿಲ್ಲಲಿಲ್ಲ. ಆಮೇಲೆ ಅಮೆರಿಕದ ಸೈನ್ಯ ಅದನ್ನು ನಡೆಸಿತು. ಅವರ ದೊಡ್ಡ ವಿಮಾನಗಳನ್ನು ರಿಪೇರಿ ಮಾಡಿ ನಮ್ಮವರ ಕೈ ಪಳಗಿತು.

ಬೆಂಗಳೂರಿನ ಬಾಂಬರು ಬಂದದ್ದು ನಿಜಾಮನ ಮೇಲಿನ ಆ ದಾಳಿ, ಅಂದರೆ ಪೊಲೀಸ್ ಆಕ್ಷನ್, ಮುಗಿದು ಒಂದೂವರೆ ತಿಂಗಳಾದ ಮೇಲೆ. ಅದರ ಕಥೆ ಕೇಳಿದಾಗಿನಿಂದ ನನಗೆ ನಮ್ಮ ಕಸುಬಿನ ಮೇಲೆ ಅಭಿಮಾನ ಹೆಚ್ಚಾಗಿದೆ. ಮಹಾಯುದ್ಧಕ್ಕೆ ಅಮೆರಿಕ ಬ್ರಿಟಿಷರಿಗೆ ಕೊಟ್ಟಿದ್ದ ಲಿಬರೇಟರ್ ಬಾಂಬರುಗಳು ಕಾನಪುರದಲ್ಲಿ ಸಾಲಾಗಿ ಬಿದ್ದಿದ್ದವು. ಅಮೆರಿಕದ ಜೊತೆಗಿನ ಕರಾರಿನ ಪ್ರಕಾರ ಯುದ್ಧ ಮುಗಿದ ಮೇಲೆ ಅವು ಯಾರಿಗೂ ಉಪಯೋಗಕ್ಕೆ ಬರಬಾರದು. ಹಾಗಾಗಿ ಬ್ರಿಟಿಷರು ಹೋಗುವಾಗ ಮೈಮೇಲೆ ಬುಲ್‌ಡೋಜರ್ ಹಾಯಿಸಿ, ಮೀಟರು ಒಡೆದು, ಇಂಜಿನ್ನಿಗೆ ಉಸುಕು ಸುರಿದಿದ್ದರು.

ಇಂಜಿನ್ನಿಗೆ ಉಸುಕು! ಒಂದು ಚಿಟಿಕೆ ಮಣ್ಣು ಹೋದರೆ ಪಿಸ್ಟನ್ ಗೀರಿ ಸಿಲಿಂಡರ್ ಬೋರಿಂಗಿಗೆ ಬರುತ್ತದೆ. ನನ್ನ ಬಳಿ ಬರುವ ಲಾರಿಗೆ ಇರುವುದು ಆರು ಸಿಲಿಂಡರ್. ಲಿಬರೇಟರಿಗೆ ನಾಲ್ಕು ಇಂಜಿನ್, ಒಂದೊಂದಕ್ಕೆ ಹದಿನಾಲ್ಕು. ಐವತ್ತಾರು ಸಿಲಿಂಡರ್!

ಇವನ್ನು ಎಬ್ಬಿಸುವುದಾಗದು ಎಂದು ಹೊರಗಿನವರು ಕೈಬಿಟ್ಟಿದ್ದರು. ಬೆಂಗಳೂರಿನ ಮಿಸ್ತ್ರಿಗಳು ಕಾನಪುರಕ್ಕೆ ಹೋಗಿ ಒಂದರ ಸಾಮಾನು ಇನ್ನೊಂದಕ್ಕೆ ಹಾಕಿ, ಒಂದು ಸಲ ಹಾರಿದರೆ ಸಾಕು ಅನ್ನುವಷ್ಟು ಮಾಡಿದರು. ಕಂಪನಿಯ ಪೈಲಟ್ ಜಮಶೇದ್ ಮುನ್ಷಿ ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿಕೊಂಡು ಬಂದ, ಹಾಗೆ 42. ಅಂಥ ಗಾಡಿಯನ್ನು ನಾನಾದರೆ ನಳದುರ್ಗದ ತನಕವೂ ಓಡಿಸಿಕೊಂಡು ಹೋಗುತ್ತಿರಲಿಲ್ಲ. ಪೂರ್ತಿ ತಯಾರಾದ ಮೊದಲ ಆರು ಬಾಂಬರು 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಸೇರಿದವು. 1968ರ ತನಕ ದುಡಿದವು.

ಅವುಗಳಲ್ಲಿ ಒಂದು ಇಂಗ್ಲೆಂಡಿನ ಮ್ಯೂಜಿಯಂ ಸೇರಿದೆ, ಇನ್ನೊಂದು ಅಮೆರಿಕದ ಅರಿಜೋನಾಕ್ಕೆ ಮರಳಿದೆ. ಒಂದು ದಿಲ್ಲಿಯ ಪಾಲಂನಲ್ಲೇ ಉಳಿದಿದೆ. ಮಗನ ಜೊತೆ ದಿಲ್ಲಿಗೆ ಹೋದಾಗ ನೋಡಿದೆ. ರೆಕ್ಕೆ ಈ ತುದಿಯಿಂದ ಆ ತುದಿಗೆ 110 ಅಡಿ. ನನ್ನ ಗ್ಯಾರೇಜು ಅದರ ಕೆಳಗೆ ಕೂರುತ್ತದೆ. ಮಗ ಫೋಟೋ ತೆಗೆಯುವುದರಲ್ಲಿದ್ದ. ನಾನು ಹೊಟ್ಟೆಯ ಹತ್ತಿರ ಬಗ್ಗಿ, ತಗಡಿಗೆ ಎಲ್ಲಿ ತೇಪೆ ಹಚ್ಚಿದ್ದಾರೆಂದು ರಿವಿಟಿನ ಸಾಲು ಹಿಡಿದು ಹುಡುಕುತ್ತಿದ್ದೆ. ಕಾವಲಿನವನು ದೂರದಿಂದ ಸೀಟಿ ಹೊಡೆದ.