ಭೋಗ್ಯ

ಮನೆಯ ಇಲ್ಲವೆ ಜಮೀನಿನ ಒಡೆಯರಿಗೆ ಇಡಿಗಂಟು ಕೊಟ್ಟು, ಅದಕ್ಕೆ ಬಡ್ಡಿ ಕೇಳದೆ, ಹಣ ಮರಳುವತನಕ ಆ ಆಸ್ತಿಯನ್ನು ಅನುಭವಿಸುವ ಏರ್ಪಾಡು. ಬೆಂಗಳೂರಿನ ಗೇಟುಗಳಲ್ಲಿ ‘ಮನೆ ಭೋಗ್ಯಕ್ಕಿದೆ’ ಎಂದೋ ‘ಲೀಸ್‌ಗಿದೆ’ ಎಂದೋ ನೇತಾಡುವ ಬೋರ್ಡು ಹೇಳುವುದು ಇದನ್ನೇ. ಒಳಗಿರುವವರು ತಿಂಗಳ ಬಾಡಿಗೆ ಕಟ್ಟುವುದಿಲ್ಲ. ಅವಧಿ ಮುಗಿದಾಗ ಕೊಟ್ಟ ಲಕ್ಷಗಳು ಇದ್ದಷ್ಟೇ ಕೈಸೇರಬೇಕು. ಮುಂಬಯಿಯ ‘ಹೆವಿ ಡಿಪಾಜಿಟ್’, ದಕ್ಷಿಣ ಕೊರಿಯಾದ ‘ಜೊನ್ಸೆ’ ಇದರ ದಾಯಾದಿಗಳು.

ಹೆಸರಿನ ಹಿನ್ನೆಲೆ

ಧರ್ಮಶಾಸ್ತ್ರಗಳಲ್ಲಿ ಒತ್ತೆಗೆ ‘ಆಧಿ’ ಎಂದು ಹೆಸರು. ಮುಟ್ಟದೆ ಕಾಪಾಡಬೇಕಾದ ಒತ್ತೆ ಗೋಪ್ಯ, ಬಳಸಿ ಫಲ ಉಣ್ಣಬಹುದಾದದ್ದು ಭೋಗ್ಯ. ಸಾಲ ಇಮ್ಮಡಿಯಾದರೂ ಬಿಡಿಸಿಕೊಳ್ಳದ ಒತ್ತೆ ಸಾಲಿಗನ ಕೈತಪ್ಪುತ್ತದೆ, ಗಡುವು ಹಾಕಿದ್ದು ಗಡುವು ದಾಟಿದರೆ ಹೋಗುತ್ತದೆ, ಫಲ ಉಣ್ಣುವ ಒತ್ತೆ ಮಾತ್ರ ಎಂದೂ ನಾಶವಾಗದು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಅದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಬಡಾವಣೆಯ ಬ್ರೋಕರನ ಬಾಯಲ್ಲಿ ಇಂದಿಗೂ ಸವೆಯದೆ ಉಳಿದಿರುವ ಸ್ಮೃತಿಯ ಪದಗಳು ಬಹಳವೇನಿಲ್ಲ, ಭೋಗ್ಯ ಅವುಗಳಲ್ಲೊಂದು.

ಫಲ ಉಣ್ಣುವ ಒತ್ತೆ ನಾಶವಾಗದು ಎಂಬ ಆ ಹಳೆಯ ನಿಯಮ ಬೇರೊಂದು ದಾರಿಯಿಂದ ಮರಳಿ ಬಂದಿತು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅಡಮಾನ ಬಿಡಿಸಿಕೊಳ್ಳುವ ದಾವೆಗೆ 30 ವರ್ಷದ ಗಡುವಿದೆ. ಭೋಗ್ಯ ಬರೆದುಕೊಟ್ಟ ದಿನದಿಂದಲೇ ಈ ಎಣಿಕೆ ಶುರುವೇ? ಪಂಜಾಬ್–ಹರಿಯಾಣ ಉಚ್ಚ ನ್ಯಾಯಾಲಯದಿಂದ ಬಂದ ಸಿಂಗ್ ರಾಮ್ ವಿರುದ್ಧ ಶಿಯೋ ರಾಮ್ ಪ್ರಕರಣದಲ್ಲಿ (2014) ಸುಪ್ರೀಂ ಕೋರ್ಟು ಅಲ್ಲವೆಂದಿತು. ಸಾಲದ ಹಣ ಸಂದ ದಿನ, ಇಲ್ಲವೆ ಒಡೆಯ ಅದನ್ನು ಕೊಡಲು ಮುಂದಾದ ದಿನ, ಎಣಿಕೆ ಆರಂಭ. ತಾತನ ಕಾಲದಲ್ಲಿ ಭೋಗ್ಯಕ್ಕೆ ಹಾಕಿದ ಹೊಲವನ್ನು ಮೊಮ್ಮಕ್ಕಳು ಬಿಡಿಸಿಕೊಳ್ಳಲು ಬಂದಾಗ ‘ಅವಧಿ ಮೀರಿತು’ ಎಂಬ ಮಾತಷ್ಟೇ ಉತ್ತರವಾಗದು.

ಕಾನೂನಿನಲ್ಲಿ ಸ್ಥಾನ

1882ರ ಸ್ವತ್ತು ಹಸ್ತಾಂತರ ಕಾಯ್ದೆಯ ಕಲಂ 58(ಡಿ) ಭೋಗ್ಯವನ್ನು ಅಡಮಾನದ ಒಂದು ಬಗೆಯೆಂದು ಎಣಿಸುತ್ತದೆ. ಆ ಲೆಕ್ಕದಲ್ಲಿ ಮನೆಯಲ್ಲಿರುವವರು ಬಾಡಿಗೆದಾರರಲ್ಲ, ಸಾಲಕೊಟ್ಟವರು, ವಾಸವೇ ಬಡ್ಡಿ. ಒಡೆಯರು ಅವರನ್ನು ಏಳಿಸಬೇಕಾದರೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕು, ಬರೀ ನೋಟಿಸಿನಿಂದ ಆಗದು. ಇನ್ನೊಂದು ತಮಾಷೆಯೂ ಇದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಆಸ್ತಿಯ ಹುಟ್ಟುವಳಿಯಿಂದ ಸರ್ಕಾರಿ ಕಂದಾಯ ಕಟ್ಟುವ ಹೊಣೆ ಭೋಗ್ಯದಾರರದು (ಕಲಂ 76). ರಿಪೇರಿಯ ಹೊಣೆಯಿಂದ ಮಾತ್ರ, ವಾಸವೇ ಬಡ್ಡಿಗೆ ಬದಲೆಂದು ಒಪ್ಪಿರುವ ಕಡೆ, ಕಲಂ 77 ಅವರನ್ನು ಬಿಡಿಸುತ್ತದೆ. ಸುಣ್ಣಬಣ್ಣಕ್ಕಾಗಿ ಜಗಳವಾಡುವ ಎರಡೂ ಕಡೆಯವರಿಗೆ ಸಾಮಾನ್ಯವಾಗಿ ಇದು ಗೊತ್ತಿರುವುದಿಲ್ಲ.

ಭೋಗ್ಯದಾರರ ಬಲಕ್ಕೂ ಮಿತಿಯಿದೆ. ಶುದ್ಧ ಭೋಗ್ಯವಾದರೆ ಮನೆಯನ್ನು ಹರಾಜು ಹಾಕಿಸಿ ಹಣ ವಸೂಲು ಮಾಡುವ ದಾವೆಗೆ ಕಲಂ 67 ಅವಕಾಶ ಕೊಡುವುದಿಲ್ಲ. ‘ಇಂಥ ದಿನ ಹಣ ಹಿಂತಿರುಗಿಸುತ್ತೇನೆ’ ಎಂದು ಒಡೆಯರು ಬರೆದುಕೊಟ್ಟಿದ್ದರೆ ಆ ಮಾತಿನ ಮೇಲೆ ದಾವೆ ಹೂಡಬಹುದು. ಪತ್ರದ ತಲೆಬರಹ ‘ಬಾಡಿಗೆ ಕರಾರು’ ಎಂದಿದ್ದರೂ ನ್ಯಾಯಾಲಯಗಳು ಒಳಗಿನ ಷರತ್ತುಗಳನ್ನು ಓದಿಯೇ ಇದು ಅಡಮಾನವೋ ಮುಂಗಡವಿರುವ ಗುತ್ತಿಗೆಯೋ ಎಂದು ತೀರ್ಮಾನಿಸುವುದು.

ಎಡವುವುದು ನೋಂದಣಿಯಲ್ಲಿ. 100 ರೂಪಾಯಿ ಮೇಲ್ಪಟ್ಟ ಭೋಗ್ಯಕ್ಕೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ನೋಂದಾಯಿತ ಪತ್ರ ಬೇಕು. ಈ ಮೊತ್ತವನ್ನು ಇಂದಿನ ಲಕ್ಷಗಳ ಪಕ್ಕದಲ್ಲಿಟ್ಟು ನೋಡಿದರೆ ಸಾಕು, ನಗರದ ಎಲ್ಲ ಭೋಗ್ಯಗಳೂ ಅದರೊಳಗೆ ಬರುತ್ತವೆ. ಆದರೂ ಮುದ್ರಾಂಕ ಶುಲ್ಕ ಉಳಿಸಲು ಛಾಪಾ ಕಾಗದದ ಮೇಲೆ 11 ತಿಂಗಳ ಕರಾರು ಬರೆದು ನೋಟರಿಯ ಮೊಹರು ಹಾಕಿಸುವುದು ವಾಡಿಕೆ. ಶುಲ್ಕ ಸಾಲದ ಪತ್ರವನ್ನು ಕೋರ್ಟಿಗೆ ತಂದರೆ 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಡಿ ಕೊರತೆಯ 10 ಪಟ್ಟು ದಂಡ ಬೀಳುತ್ತದೆ.

ಬ್ಯಾಂಕಿನ ಒತ್ತೆಯಲ್ಲಿರುವ ಮನೆ

ಹಣ ಮುಳುಗುವ ಪ್ರಕರಣಗಳಲ್ಲಿ ಅತ್ಯಂತ ಕ್ರೂರವಾದದ್ದು ಇದು. ಒಡೆಯರು ಮನೆಯನ್ನು ಮೊದಲೇ ಬ್ಯಾಂಕಿಗೆ ಒತ್ತೆಯಿಟ್ಟು, ಆಮೇಲೆ ಭೋಗ್ಯಕ್ಕೆ ಕೊಟ್ಟಿರುತ್ತಾರೆ. ಸಾಲದ ಕಂತು ನಿಂತಾಗ, ಕೋರ್ಟಿಗೆ ಹೋಗದೆಯೇ ಒತ್ತೆಯನ್ನು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯ ನೋಟಿಸು ಬಾಗಿಲಿಗೆ ಅಂಟುತ್ತದೆ. ಅಡಮಾನವಿಟ್ಟವರು ಗುತ್ತಿಗೆ ಕೊಡಬಹುದು, ಆದರೆ ಮುಂಗಡ ಬಾಡಿಗೆಯಾಗಲಿ ಪ್ರೀಮಿಯಮ್ ಆಗಲಿ ಪಡೆಯುವಂತಿಲ್ಲ, ಕಟ್ಟಡವಾದರೆ 3 ವರ್ಷ ಮೀರುವಂತಿಲ್ಲ ಎನ್ನುತ್ತದೆ ಸ್ವತ್ತು ಹಸ್ತಾಂತರ ಕಾಯ್ದೆಯ ಕಲಂ 65ಎ. ಭೋಗ್ಯವೆಂದರೆ ಇಡೀ ಮೊತ್ತ ಮುಂಗಡವೇ ಆದ್ದರಿಂದ ಬ್ಯಾಂಕಿನೆದುರು ಅದು ನಿಲ್ಲುವುದು ಕಷ್ಟ. ಬ್ಯಾಂಕಿನ ಒತ್ತೆಗಿಂತ ಮುಂಚಿನ ಸಕ್ರಮ ಗುತ್ತಿಗೆಗೆ ರಕ್ಷಣೆಯುಂಟೆಂದು ಹರ್ಷದ್ ಗೋವರ್ಧನ್ ಸೋಂಡಾಗರ್ ಪ್ರಕರಣ (2014) ಹೇಳಿತು. ಸರ್ಫೇಸಿ ಕಾಯ್ದೆಯ 2016ರ ತಿದ್ದುಪಡಿ ಗುತ್ತಿಗೆದಾರರಿಗೆ ಸಾಲ ವಸೂಲಾತಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವ ಅವಕಾಶ ಕೊಟ್ಟಿದೆ. ಅಲ್ಲಿ ತೋರಿಸಬೇಕಾದ ಕಾಗದ ಮತ್ತದೇ ನೋಂದಾಯಿತ ಪತ್ರ.

ಜಮೀನು

ಕೃಷಿಭೂಮಿಯ ಭೋಗ್ಯದ ಕಥೆ ಬೇರೆ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ‘ಉಳುವವನೇ ಒಡೆಯ’ ಎಂದು ನಮೂನೆ 7ರಲ್ಲಿ ಅರ್ಜಿಗಳು ಬಂದಾಗ, ಉಳುತ್ತಿದ್ದವರು ಗೇಣಿದಾರರೋ ಭೋಗ್ಯದಾರರೋ ಎಂಬುದು ಭೂ ನ್ಯಾಯಮಂಡಳಿಗಳ ಮುಂದೆ ವಿವಾದವಾಯಿತು. ಸ್ವಾಧೀನವಿರುವ ಅಡಮಾನದಾರರನ್ನು ಕಾಯ್ದೆಯ ಕಲಂ 4 ಗೇಣಿದಾರರೆಂದು ಎಣಿಸುವುದಿಲ್ಲ.

ಪರಿಶೀಲನೆ

ಋಣಭಾರ ಪತ್ರವನ್ನು (ಇ.ಸಿ.) ಸೈಟು ಕೊಳ್ಳುವವರು ತೆಗೆಸುತ್ತಾರೆ, ಭೋಗ್ಯಕ್ಕೆ ಬರುವವರು ತೆಗೆಸುವುದು ಅಪರೂಪ. ನೋಂದಣಿಯಾದ ಅಡಮಾನ ಅದರಲ್ಲಿ ಕಾಣುತ್ತದೆ. ಮೂಲ ಪತ್ರಗಳನ್ನಷ್ಟೇ ಬ್ಯಾಂಕಿನ ಕೈಗಿಟ್ಟು ಪಡೆದ ಸಾಲ ಕಾಣದೆಯೂ ಇರಬಹುದು. ಅದಕ್ಕೆ, ಬ್ಯಾಂಕುಗಳ ಒತ್ತೆಗಳನ್ನು ನಮೂದಿಸಲು 2011ರಲ್ಲಿ ಆರಂಭವಾದ ಕೇಂದ್ರ ನೋಂದಣಿ ವ್ಯವಸ್ಥೆಯಾದ ಸೆರ್ಸಾಯ್‌ನ ದಾಖಲೆಯನ್ನು ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು.